ಮರೆಮಾಡಿದ ವರ್ಷ: ಮೆಡೋಸ್ ಟೇಲರನು ಕಂಡ ಛಾಯೆಯೂ ವಿಕ್ಟೋರಿಯಾ ಯುಗದ ಪ್ರೇತಕಥೆಗಳೂ

ವಿಕ್ಟೋರಿಯಾ ರಾಣಿಯ ಕಾಲದ ಆಂಗ್ಲ ಪ್ರೇತಕಥೆಗಳ ವಿಷಯದಲ್ಲಿ ವಿದ್ವಾಂಸರೊಳಗೆ ಬಹುಮಟ್ಟಿಗೆ ಐಕಮತ್ಯವುಂಟು. 1843ರಲ್ಲಿ ಡಿಕನ್ಸನ ‘ಎ ಕ್ರಿಸ್ಮಸ್ ಕ್ಯಾರೊಲ್’ ಪ್ರಕಟವಾದ ಮೇಲೆ ಹಬ್ಬದ ಸಂಚಿಕೆಗೆ ಪ್ರೇತಕಥೆಯೊಂದಿರಬೇಕೆಂಬ ರೂಢಿ ಬೇರೂರಿತು. 1855ರಲ್ಲಿ ಪತ್ರಿಕೆಗಳ ಮುದ್ರಾಂಕ ಸುಂಕವೂ 1861ರಲ್ಲಿ ಕಾಗದದ ಸುಂಕವೂ ರದ್ದಾಗಿ ಅಗ್ಗದ ನಿಯತಕಾಲಿಕೆಗಳು ಮಧ್ಯಮವರ್ಗದ ಮನೆಗಳನ್ನು ಹೊಕ್ಕವು. ಎಲಿಜಬೆತ್ ಗ್ಯಾಸ್ಕೆಲ್ ಮೊದಲಾದ ಲೇಖಕಿಯರು, ಮನೆತನದ ಮರ್ಯಾದೆಯ ಹೆಸರಿನಲ್ಲಿ ನಡೆದ ಅನ್ಯಾಯಗಳನ್ನು ಸತ್ತವರ ಬಾಯಿಂದ ಹೇಳಿಸಿದರು. ಇಷ್ಟರಲ್ಲಿ ನನಗೆ ತಕರಾರಿಲ್ಲ.

ವಿವಾದವಿರುವುದು ಈ ಕಥೆಗಳು ಸಮುದ್ರವನ್ನು ದಾಟಿ ಭಾರತಕ್ಕೆ ಬಂದಾಗ ಅವುಗಳ ಪ್ರಯೋಜನವೇನಾಯಿತೆಂಬಲ್ಲಿ. ಪ್ಯಾಟ್ರಿಕ್ ಬ್ರಾಂಟ್ಲಿಂಗರ್ ಅವರು ತಮ್ಮ ‘ರೂಲ್ ಆಫ್ ಡಾರ್ಕ್‌ನೆಸ್’ (1988) ಎಂಬ ಪ್ರಭಾವಶಾಲಿ ಗ್ರಂಥದಲ್ಲಿ, ಸ್ಥೂಲವಾಗಿ 1880ರಿಂದ 1914ರವರೆಗಿನ ಇಂಥ ಸಾಹಿತ್ಯವನ್ನು ಸಾಮ್ರಾಜ್ಯದ ಅಂತರಂಗದ ಭೀತಿಯ ಅಭಿವ್ಯಕ್ತಿಯೆಂದು ವಿವೇಚಿಸಿದ್ದಾರೆ. ಆಳುವವನು ತಾನೇ ಅನಾಗರಿಕನಾಗಿಬಿಡುವನೆಂಬ ಶಂಕೆ, ಅನಾಗರಿಕ ಶಕ್ತಿಗಳು ನಾಗರಿಕತೆಯ ಮೇಲೆ ಎರಗುವುವೆಂಬ ದಿಗಿಲು, ಸಾಹಸಕ್ಕೆ ಇನ್ನು ಎಡೆಯಿಲ್ಲವೆಂಬ ಕೊರಗು, ಇವು ಅವರು ಗುರುತಿಸಿದ ಲಕ್ಷಣಗಳು. ಆಫ್ರಿಕವನ್ನು ಕುರಿತ ಕಾದಂಬರಿಗಳಿಗೆ ಈ ಸೂತ್ರ ಚೆನ್ನಾಗಿ ಒಪ್ಪುತ್ತದೆ. ಆದರೆ ನಿಜಾಮ ಸಂಸ್ಥಾನದ ನೆಲದಲ್ಲಿ, ಅದೂ ಕನ್ನಡ ಸೀಮೆಯ ಅಂಚಿನಲ್ಲಿ, ನಡೆದುದೆಂದು ವರ್ಣಿತವಾಗಿರುವ ಪ್ರಸಂಗವೊಂದು ಇದಕ್ಕೆ ಸುಲಭವಾಗಿ ಒಗ್ಗುವುದಿಲ್ಲ.

ಫಿಲಿಪ್ ಮೆಡೋಸ್ ಟೇಲರನು (1808–1876) ಕನ್ನಡಿಗರಿಗೆ ಅಪರಿಚಿತನಲ್ಲ. ಹದಿಹರೆಯದಲ್ಲೇ ನಿಜಾಮನ ಸೈನ್ಯವನ್ನು ಸೇರಿ, 1839ರಲ್ಲಿ ‘ಕನ್‌ಫೆಷನ್ಸ್ ಆಫ್ ಎ ಥಗ್’ ಬರೆದು ಕೀರ್ತಿ ಗಳಿಸಿ, 1841ರಿಂದ 1853ರವರೆಗೆ ಸುರಪುರದ ಆಡಳಿತವನ್ನು ನಡೆಸಿದ ಇವನ ಹೆಸರು ಅಲ್ಲಿಯ ಟೇಲರ್ ಮಂಜಿಲಿನಲ್ಲಿ ಇಂದಿಗೂ ಉಳಿದಿದೆ. ಅವನ ಆತ್ಮಕಥೆ ‘ದಿ ಸ್ಟೋರಿ ಆಫ್ ಮೈ ಲೈಫ್’ ಮರಣಾನಂತರ, 1877ರಲ್ಲಿ, ಮಗಳ ಸಂಪಾದಕತ್ವದಲ್ಲಿ ಹೊರಬಂದಿತು. ಅದರಲ್ಲಿ ಅವನು ಹೇಳುವುದಿದು: ಹೈದರಾಬಾದಿಗೆ ಪಯಣಿಸುತ್ತಿದ್ದಾಗ ಒಂದು ದಿನ ಮಕ್ತಲಿನಿಂದ ದೀರ್ಘವಾದ ನಡೆ ನಡೆದು ಹಳ್ಳಿಯೊಂದರಲ್ಲಿ ಗುಡಾರ ಹೂಡಿ, ಆಯಾಸದಿಂದ ನಿದ್ರೆ ಬಾರದೆ ಮಲಗಿರಲು, ತೆರೆದ ಬಾಗಿಲಲ್ಲಿ ತಾರುಣ್ಯದಲ್ಲಿ ಇಂಗ್ಲೆಂಡಿನಲ್ಲಿ ತಾನು ಪ್ರೀತಿಸಿದ್ದ ಹೆಂಗಸು ಬೆಳುದಿಂಗಳಲ್ಲಿ ಹೊಳೆಯುವ ಬಿಳಿಯ ಕಸೂತಿಯ ಉಡುಪಿನಲ್ಲಿ ತೋಳು ಚಾಚಿ ನಿಂತು, ತನ್ನನ್ನು ಬಿಟ್ಟುಕೊಡಬೇಡವೆಂದು ಮೊರೆಯಿಟ್ಟಳು. ಅವನು ಬರಿಗಾಲಿನಲ್ಲಿ ಹಿಂಬಾಲಿಸಿ ಓಡಿದನು, ಪಹರೆಯವನು ಬೆಕ್ಕಸಬೆರಗಾದನು, ಆಕೃತಿ ಕರಗಿಹೋಯಿತು. ತಂದೆಗೆ ಬರೆದ ಕಾಗದಕ್ಕೆ, ಆ ದಿನವೇ ಅವಳ ಮದುವೆಯಾಯಿತೆಂದು ಉತ್ತರ ಬಂದಿತು.

ಇಲ್ಲಿ ಮೂರು ಸಂಗತಿಗಳು ವಿಚಾರಾರ್ಹವಾಗಿವೆ. ಬಂದವಳು ಸತ್ತವಳಲ್ಲ, ಜೀವಂತಳು. ಈ ನೆಲದವಳಲ್ಲ, ಇಂಗ್ಲೆಂಡಿನವಳು. ಅವಳನ್ನು ಪಡೆಯುವ ಆಸೆಯನ್ನು ತಾನು ಕೈಬಿಟ್ಟುದಕ್ಕೆ ಟೇಲರನು ಕೊಡುವ ಕಾರಣ, ಯೂರೋಪಿಗೆ ಹೋಗಲು ರಜೆ ದೊರೆಯದೆಂಬ ಸರಕಾರಿ ಆಜ್ಞೆ. ಮೂರನೆಯದಾಗಿ, ಘಟನೆಯ ವರ್ಷವನ್ನು ಬೇಕೆಂದೇ ಹೇಳುವುದಿಲ್ಲವೆಂದು ಅವನೇ ಸಾರುತ್ತಾನೆ.

ಈ ಮರೆಮಾಚುವಿಕೆಯೇ ನನ್ನ ವಾದದ ಕೀಲು. ಪುರಾವೆಯ ದೃಷ್ಟಿಯಿಂದ ಇದು ಘಾತಕವಾದ ದೋಷ. ವರ್ಷವಿಲ್ಲದ ಸಾಕ್ಷ್ಯವನ್ನು ಯಾವ ನ್ಯಾಯಾಲಯವೂ ಮನ್ನಿಸದೆಂಬುದನ್ನು ಠಗ್ಗರ ತಪ್ಪೊಪ್ಪಿಗೆಯನ್ನು ಕಥೆಯಾಗಿಸಿದವನು ಅರಿಯದವನಲ್ಲ. ಮಕ್ತಲಿನ ದಾರಿ ಸುರಪುರದ ವರ್ಷಗಳನ್ನು ಸೂಚಿಸುತ್ತದಾದರೂ, ಅದಕ್ಕೂ ಮುಂಚೆ ಅವನು ಆ ದಾರಿಯನ್ನು ತುಳಿದಿರಲಾರನೆನ್ನುವಂತಿಲ್ಲ. 1832ರಲ್ಲಿ ಅವನು ಹೈದರಾಬಾದಿನ ಸಾಹುಕಾರ ವಿಲಿಯಂ ಪಾಮರನ ಮಗಳನ್ನು ವರಿಸಿದ್ದನು; 1844ರಲ್ಲಿ ಆಕೆ ತೀರಿಕೊಂಡಳು. ಈ ಹನ್ನೆರಡು ವರ್ಷಗಳ ಒಳಗೋ ಹೊರಗೋ ಎಂಬುದರ ಮೇಲೆ ಪ್ರಸಂಗದ ನೈತಿಕ ಸ್ವರೂಪವೇ ಬದಲಾಗುತ್ತದೆ. ಆದುದರಿಂದ, ನೇರವಾದ ಗದ್ಯದಲ್ಲಿ ಸಭ್ಯಗೃಹಸ್ಥನು ಹೇಳಲಾಗದುದನ್ನು ಹೇಳಿಕೊಳ್ಳಲು ಪ್ರೇತಕಥೆಯ ರೂಪವೇ ಇಲ್ಲಿ ಅನುಮತಿ ನೀಡಿತೆಂದೂ, ಆ ಯುಗದ ಇಂಥ ಕಥೆಗಳ ಸಾಮಾಜಿಕ ಪ್ರಯೋಜನವು, ಕಡೆಯಪಕ್ಷ ಈ ಪ್ರಾಂತದಲ್ಲಿ, ದೇಶೀಯರ ಭಯಕ್ಕಿಂತ ಹೆಚ್ಚಾಗಿ ನೌಕರಿಯು ಸೀಳಿದ ಸಂಸಾರದ ವ್ಯಥೆಗೆ ಮರ್ಯಾದೆಯ ಮುಸುಕು ಹೊದಿಸುವುದಾಗಿತ್ತೆಂದೂ ನಾನು ಹೇಳಬಯಸುತ್ತೇನೆ. ಒಂದೇ ಪ್ರಸಂಗದ ಮೇಲೆ ಇಷ್ಟು ಭಾರ ಹೇರುವುದು ಸಾಹಸವೆಂಬುದು ನಿಜ. ದಶಕಗಳ ಅನಂತರ, ಕ್ರಿಸ್ಮಸ್ ಸಂಚಿಕೆಗಳ ಕಥೆಗಳು ಎಲ್ಲರ ಕಿವಿಯಲ್ಲಿ ತುಂಬಿದ್ದಾಗ ಬರೆದವನ ನೆನಪು, ಆ ಕಥೆಗಳ ಎರಕದಲ್ಲಿ ಹೊಯ್ಯಲ್ಪಟ್ಟಿರಬಹುದು. ಆದರೆ ಹಾಗಾಗಿದ್ದರೂ ವಾದ ಕುಸಿಯುವುದಿಲ್ಲ: ಎರಕವೊಂದು ಸಿದ್ಧವಾಗಿ ದೊರೆತಿತ್ತೆಂಬುದೇ ನನಗೆ ಮುಖ್ಯ.

ಪ್ರತಿವಾದಿಯು ಕಿಪ್ಲಿಂಗನ ‘ದಿ ರಿಟರ್ನ್ ಆಫ್ ಇಮ್ರೇ’ಯನ್ನು (1891) ಮುಂದೊಡ್ಡಬಹುದು. ಸೇವಕನು ದೊರೆಯನ್ನು ಕೊಂದು ಶವವನ್ನು ಮಾಡಿನಲ್ಲಿ ಅಡಗಿಸುವ ಆ ಕಥೆ ಬ್ರಾಂಟ್ಲಿಂಗರ್ ಅವರ ಸೂತ್ರಕ್ಕೆ ಬಲವಾದ ಆಧಾರವೆಂಬುದನ್ನು ಒಪ್ಪಲೇಬೇಕು. ಆದರೂ ಅಲ್ಲಿಯ ಕೊಲೆಗೆ ಹೇತುವು ಬಂಡಾಯವಲ್ಲ: ದೊರೆಯು ಮಗುವಿನ ತಲೆ ಸವರಿ ಮೆಚ್ಚಿ ನುಡಿದನು, ಮಗು ಜ್ವರದಿಂದ ಸತ್ತಿತು, ದೃಷ್ಟಿ ತಾಕಿತೆಂದು ತಂದೆ ನಂಬಿದನು. ದೃಷ್ಟಿ ನಿವಾಳಿಸುವುದನ್ನು ಬಲ್ಲ ನಮ್ಮ ಓದುಗರಿಗೆ ಆ ತಂದೆಯ ಸಂಕಟ ಕಿಪ್ಲಿಂಗನ ಓದುಗರಿಗಿಂತ ಬೇಗ ತಿಳಿದೀತು. ಬಿ. ಎಂ. ಕ್ರೋಕರಳ ‘ದಿ ಡಾಕ್ ಬಂಗ್ಲೋ ಅಟ್ ಡಾಕೋರ್’ (1893) ಎಂಬುದರಲ್ಲಾದರೋ, ಕೊಲೆಯ ದೃಶ್ಯವನ್ನು ಕಾಣುವವರು ಕ್ರಿಸ್ಮಸ್ಸಿಗೆ ತಮ್ಮ ಗಂಡಂದಿರನ್ನು ಸೇರಲು ಒಂಟಿಯಾಗಿ ಹೊರಟ ಹೆಂಗಸರು. ಕೊಲೆ ಅಲ್ಲಿಯೂ ಉಂಟು. ಆದರೆ ಕಥೆಯನ್ನು ನಡೆಸುವುದು ವಿಯೋಗ.

ದೇಶೀಯ ಅತಿಮಾನುಷದ ಮುಂದೆ ಟೇಲರನು ಹೇಗೆ ನಡೆದುಕೊಂಡನೆಂಬುದೂ ಗಮನಾರ್ಹ. ಸುರಪುರದ ರಾಜ ವೆಂಕಟಪ್ಪನಾಯಕನು ಇಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ ಮಡಿಯುವನೆಂಬ ಜಾತಕವನ್ನು ಆಸ್ಥಾನದ ಬ್ರಾಹ್ಮಣನು ಗುಟ್ಟಾಗಿ ತಿಳಿಸಿದಾಗ, ಅವನು ನಗಲೂ ಇಲ್ಲ, ನಡುಗಲೂ ಇಲ್ಲ; ಗುಟ್ಟನ್ನು ಕಾಪಾಡಿದನು. 1858ರ ದಂಗೆಯ ತರುವಾಯ ಸೆರೆಯಾಗಿ ಒಯ್ಯಲ್ಪಡುತ್ತಿದ್ದ ರಾಜನು ಗುಂಡೇಟಿನಿಂದ ಸತ್ತುದನ್ನು, ಅಪಘಾತವೋ ಆತ್ಮಹತ್ಯೆಯೋ ಎಂದು ನಿರ್ಣಯಿಸದೆಯೇ, ವಿಷಾದದಿಂದ ದಾಖಲಿಸಿದ್ದಾನೆ. ಭೀತಿಯ ಸೂತ್ರಕ್ಕೆ ಇಲ್ಲಿಯೂ ಎಡೆ ಕಾಣದು.

ಒಂದು ಪ್ರಶ್ನೆ ಮಾತ್ರ ಉಳಿದೇ ಇದೆ. ವರ್ಷವನ್ನು ಮರೆಸಿದವನು ಟೇಲರನೇ ಅಥವಾ ಆ ವಾಕ್ಯವೇ ತಂದೆಯ ಕೃತಿಯನ್ನು ತಿದ್ದಿದ ಮಗಳದೇ? ಎರಡನೆಯದಾದರೆ, ಮರ್ಯಾದೆಯ ಮುಸುಕು ಹೊದಿಸಿದ ಕೈ ಹೆಣ್ಣಿನದಾಗುತ್ತದೆ, ನನ್ನ ವಾದವನ್ನು ಅಷ್ಟರಮಟ್ಟಿಗೆ ತಿದ್ದಬೇಕಾಗುತ್ತದೆ. ಟೇಲರನ ಕೈಬರಹವೋ ತಂದೆಮಕ್ಕಳ ಕಾಗದವೋ ಯಾರ ದೃಷ್ಟಿಗಾದರೂ ಬಿದ್ದಲ್ಲಿ, 1877ರ ಮುದ್ರಿತ ಪಾಠದೊಡನೆ ಈ ಒಂದು ಪುಟವನ್ನಾದರೂ ತಾಳೆನೋಡಿ ಪ್ರಕಟಿಸಬೇಕೆಂದು ವಿದ್ವಾಂಸರಲ್ಲಿ ಪ್ರಾರ್ಥಿಸುತ್ತೇನೆ.