ಮಾನವನ ಜೈವಿಕ ಮತ್ತು ಸಾಂಸ್ಕೃತಿಕ ವಿಕಾಸ

ಮಾನವ ವಿಕಾಸವೆಂದರೆ ವಾನರ ಕುಲಕ್ಕೆ ಸೇರಿದ ಪ್ರಾಚೀನ ಪೂರ್ವಜರಿಂದ ಇಂದಿನ ಮನುಷ್ಯ, ಅಂದರೆ ಹೋಮೋ ಸೇಪಿಯನ್ಸ್ ಎಂಬ ಪ್ರಭೇದವು ರೂಪುಗೊಂಡ ದೀರ್ಘ ಪ್ರಕ್ರಿಯೆ. ಮಾನವನ ಹಾಗೂ ಚಿಂಪಾಂಜಿಯ ವಂಶಗಳು ಸುಮಾರು 60ರಿಂದ 70 ಲಕ್ಷ ವರ್ಷಗಳ ಹಿಂದೆ ಆಫ್ರಿಕಾ ಖಂಡದಲ್ಲಿ ಬೇರ್ಪಟ್ಟವೆಂದು ಸಾಮಾನ್ಯವಾಗಿ ಅಂಗೀಕರಿಸಲಾಗಿದೆ. ಅಂದಿನಿಂದ ದೇಹದಲ್ಲಿ ಉಂಟಾದ ಬದಲಾವಣೆಗಳನ್ನು ಜೈವಿಕ ವಿಕಾಸವೆಂದೂ, ಉಪಕರಣ, ಬೆಂಕಿ, ಭಾಷೆ, ಕಲೆ, ಕೃಷಿ ಮೊದಲಾದವುಗಳ ಬೆಳವಣಿಗೆಯನ್ನು ಸಾಂಸ್ಕೃತಿಕ ವಿಕಾಸವೆಂದೂ ಕರೆಯುತ್ತಾರೆ. ಇವು ಒಂದನ್ನೊಂದು ರೂಪಿಸುತ್ತ ಬಂದಿರುವುದೇ ಮಾನವ ವಿಕಾಸದ ವೈಶಿಷ್ಟ್ಯ.

ಎರಡು ಬಗೆಯ ಆನುವಂಶಿಕತೆ

ಜೈವಿಕ ಗುಣಗಳು ವಂಶವಾಹಿಗಳ ಮೂಲಕ ತಂದೆತಾಯಿಗಳಿಂದ ಮಕ್ಕಳಿಗೆ ಬರುತ್ತವೆ. ಪರಿಸರಕ್ಕೆ ಹೊಂದುವ ಗುಣವುಳ್ಳವರು ಹೆಚ್ಚು ಸಂತತಿಯನ್ನು ಉಳಿಸಿಹೋಗುವುದರಿಂದ ಆ ಗುಣವು ಕ್ರಮೇಣ ಹರಡುತ್ತದೆ. ಇದನ್ನು ನಿಸರ್ಗದ ಆಯ್ಕೆ ಎನ್ನುತ್ತಾರೆ. ಸಾಂಸ್ಕೃತಿಕ ಗುಣಗಳಾದರೋ ಕಲಿಕೆಯಿಂದ ಬರುವಂಥವು. ಅವು ತಂದೆತಾಯಿಗಳಿಂದ ಮಾತ್ರವಲ್ಲದೆ ನೆರೆಹೊರೆಯವರಿಂದ, ಗುರುಗಳಿಂದ, ಪರಕೀಯರಿಂದಲೂ ಬರಬಹುದು. ದೇಹದ ಬದಲಾವಣೆಗೆ ನೂರಾರು ತಲೆಮಾರುಗಳು ಬೇಕಾದರೆ, ಹೊಸದೊಂದು ಕೌಶಲ ಹರಡಲು ಒಂದೇ ತಲೆಮಾರು ಸಾಕು.

ಅಧ್ಯಯನದ ಇತಿಹಾಸ

ಚಾರ್ಲ್ಸ್ ಡಾರ್ವಿನ್ 1859ರಲ್ಲಿ ಜೀವಜಾತಿಗಳ ಉಗಮವನ್ನು ಕುರಿತ ತನ್ನ ಗ್ರಂಥವನ್ನು ಪ್ರಕಟಿಸಿದನು. 1871ರ ಮತ್ತೊಂದು ಗ್ರಂಥದಲ್ಲಿ, ಮಾನವನ ಮೂಲನೆಲೆ ಆಫ್ರಿಕಾ ಆಗಿರುವ ಸಂಭವವೇ ಹೆಚ್ಚೆಂದು ಊಹಿಸಿದನು. ಯೂಜೀನ್ ಡುಬೋ 1891ರಲ್ಲಿ ಜಾವಾ ದ್ವೀಪದಲ್ಲಿ ಹೋಮೋ ಇರೆಕ್ಟಸ್ ಪ್ರಭೇದದ ಅವಶೇಷಗಳನ್ನು ಪತ್ತೆಹಚ್ಚಿದನು.

1924ರಲ್ಲಿ ದಕ್ಷಿಣ ಆಫ್ರಿಕಾದ ಟೌಂಗ್ ಎಂಬಲ್ಲಿ ಮಗುವೊಂದರ ತಲೆಬುರುಡೆ ದೊರೆಯಿತು. ಮೆದುಳು ಚಿಕ್ಕದಾಗಿದ್ದರೂ ಆ ಜೀವಿ ನೆಟ್ಟಗೆ ನಿಂತು ನಡೆಯುತ್ತಿತ್ತೆಂದು ರೇಮಂಡ್ ಡಾರ್ಟ್ ವಾದಿಸಿದಾಗ ಅನೇಕ ವಿದ್ವಾಂಸರು ಒಪ್ಪಲಿಲ್ಲ. ಮೊದಲು ಮೆದುಳು ಬೆಳೆದಿರಬೇಕೆಂಬುದು ಅವರ ನಂಬಿಕೆಯಾಗಿತ್ತು. 1912ರಲ್ಲಿ ಇಂಗ್ಲೆಂಡಿನ ಪಿಲ್ಟ್‌ಡೌನ್‌ನಲ್ಲಿ ಸಿಕ್ಕಿತೆನ್ನಲಾದ ತಲೆಬುರುಡೆ ಈ ನಂಬಿಕೆಗೆ ಆಧಾರವಾಗಿತ್ತು. ಅದು ಮನುಷ್ಯನ ಬುರುಡೆಗೆ ವಾನರನ ದವಡೆಯನ್ನು ಜೋಡಿಸಿ ಮಾಡಿದ ವಂಚನೆಯೆಂಬುದು 1953ರಲ್ಲಿ ಬಯಲಾಯಿತು. ಡಾರ್ಟ್‌ನ ವಾದವನ್ನು ಮುಂದಿನ ಶೋಧನೆಗಳು ಎತ್ತಿಹಿಡಿದವು.

ಎರಡು ಕಾಲಿನ ನಡಿಗೆ

1974ರಲ್ಲಿ ಇಥಿಯೋಪಿಯಾದ ಹಡಾರ್‌ನಲ್ಲಿ ಡೊನಾಲ್ಡ್ ಜೋಹಾನ್ಸನ್ ಕಂಡ ‘ಲೂಸಿ’ಯ ಅಸ್ಥಿಪಂಜರವು ಸುಮಾರು 32 ಲಕ್ಷ ವರ್ಷ ಹಳೆಯದು. ಆಸ್ಟ್ರಲೋಪಿಥೆಕಸ್ ಅಫಾರೆನ್ಸಿಸ್ ಎಂಬ ಪ್ರಭೇದಕ್ಕೆ ಸೇರಿದ ಈಕೆಯ ಸೊಂಟ ಮತ್ತು ಮೊಣಕಾಲಿನ ಎಲುಬುಗಳು ಎರಡು ಕಾಲಿನ ನಡಿಗೆಗೆ ಒಗ್ಗಿದ್ದವು. ಈ ಪ್ರಭೇದದ ಮೆದುಳು ಮಾತ್ರ ಇಂದಿನ ಮನುಷ್ಯನ ಮೆದುಳಿನ ಮೂರನೆಯ ಒಂದು ಭಾಗದಷ್ಟಿತ್ತು. ತಾಂಜಾನಿಯಾದ ಲೇಟೋಲಿಯಲ್ಲಿ ಜ್ವಾಲಾಮುಖಿಯ ಬೂದಿಯ ಮೇಲೆ ಅಚ್ಚೊತ್ತಿ ಉಳಿದಿರುವ ಹೆಜ್ಜೆಗುರುತುಗಳು ಇನ್ನೂ ಹಿಂದಿನವು, ಸುಮಾರು 36 ಲಕ್ಷ ವರ್ಷಗಳಷ್ಟು ಹಳೆಯವು. ನಡಿಗೆ ಮೊದಲು, ದೊಡ್ಡ ಮೆದುಳು ಬಹಳ ಕಾಲದ ನಂತರ ಎಂಬುದು ಇವುಗಳಿಂದ ಸ್ಪಷ್ಟವಾಗುತ್ತದೆ.

ಕಲ್ಲಿನ ಉಪಕರಣಗಳು

ನಡಿಗೆಯ ಹೊಣೆಯಿಂದ ಬಿಡುಗಡೆಗೊಂಡ ಕೈಗಳು ಬೇರೆ ಕೆಲಸಕ್ಕೆ ಒದಗಿದವು. ಕೀನ್ಯಾದ ಲೋಮೆಕ್ವಿಯಲ್ಲಿ ದೊರೆತ ಕಲ್ಲಿನ ಉಪಕರಣಗಳಿಗೆ 33 ಲಕ್ಷ ವರ್ಷಗಳ ಪ್ರಾಚೀನತೆಯನ್ನು ಹೇಳಲಾಗಿದೆ. ಸುಮಾರು 26 ಲಕ್ಷ ವರ್ಷಗಳ ಹಿಂದೆ ಓಲ್ಡೊವನ್ ಪರಂಪರೆಯೂ, ಸುಮಾರು 17 ಲಕ್ಷ ವರ್ಷಗಳ ಹಿಂದೆ ಎರಡೂ ಬದಿ ಚಕ್ಕೆ ತೆಗೆದ ಕೈಕೊಡಲಿಗಳ ಅಶೂಲಿಯನ್ ಪರಂಪರೆಯೂ ಮೊದಲಾದವು.

ಅಶೂಲಿಯನ್ ಪರಂಪರೆಯ ಮಹತ್ವದ ನೆಲೆಯೊಂದು ಕರ್ನಾಟಕದಲ್ಲಿದೆ. ಯಾದಗಿರಿ ಜಿಲ್ಲೆಯ ಹುಣಸಗಿ ಕಣಿವೆಯ ಇಸಾಂಪುರದಲ್ಲಿ ಕೆ. ಪದ್ದಯ್ಯನವರು ನಡೆಸಿದ ಉತ್ಖನನದಲ್ಲಿ, ಸ್ಥಳದಲ್ಲಿಯೇ ಸಿಗುವ ಸುಣ್ಣಕಲ್ಲನ್ನು ಒಡೆದು ಉಪಕರಣ ತಯಾರಿಸುತ್ತಿದ್ದ ಪ್ರಾಚೀನ ಕಾರ್ಯಾಗಾರವೇ ಬೆಳಕಿಗೆ ಬಂದಿತು. ಅಲ್ಲಿ ದೊರೆತ ಪ್ರಾಣಿಗಳ ಹಲ್ಲುಗಳ ಪರೀಕ್ಷೆಯಿಂದ ಅದರ ಕಾಲವನ್ನು ಸುಮಾರು 12 ಲಕ್ಷ ವರ್ಷಗಳ ಹಿಂದೆ ಎಂದು ಅಂದಾಜಿಸಲಾಗಿದೆ. ತಕ್ಕ ಕಲ್ಲನ್ನು ಆಯ್ದು, ತಕ್ಕ ಕೋನದಲ್ಲಿ ಹೊಡೆಯುವ ಈ ಕೆಲಸ ಹುಟ್ಟಿನಿಂದ ಬರುವುದಲ್ಲ. ಬಲ್ಲವರನ್ನು ನೋಡಿಯೇ ಕಲಿಯಬೇಕು.

ಬೆಂಕಿ, ಮೆದುಳು ಮತ್ತು ಬಾಲ್ಯ

ದಕ್ಷಿಣ ಆಫ್ರಿಕಾದ ವಂಡರ್‌ವರ್ಕ್ ಗುಹೆಯಲ್ಲಿ ಸುಮಾರು 10 ಲಕ್ಷ ವರ್ಷಗಳ ಹಿಂದಿನ ಬೆಂಕಿಯ ಕುರುಹುಗಳಿವೆ. ಬೇಯಿಸಿದ ಆಹಾರವನ್ನು ಅಗಿಯುವುದೂ ಅರಗಿಸಿಕೊಳ್ಳುವುದೂ ಸುಲಭ. ದೇಹತೂಕದ ಶೇ. 2ರಷ್ಟೇ ಇರುವ ಮೆದುಳು ವಿಶ್ರಾಂತಿಯಲ್ಲಿರುವ ದೇಹದ ಶಕ್ತಿಯಲ್ಲಿ ಸುಮಾರು ಶೇ. 20ನ್ನು ಬಳಸುತ್ತದೆ. ಹಲ್ಲು ಮತ್ತು ಕರುಳುಗಳು ಚಿಕ್ಕದಾಗಿ ಮೆದುಳು ದೊಡ್ಡದಾಗಲು ಅಡುಗೆಯೇ ನೆರವಾಯಿತೆಂದು ರಿಚರ್ಡ್ ರ್‍ಯಾಂಗಮ್ ಪ್ರತಿಪಾದಿಸಿದ್ದಾರೆ. ಬೆಂಕಿಯ ನಿಯತ ಬಳಕೆ ಯಾವಾಗ ಆರಂಭವಾಯಿತೆಂಬ ಬಗ್ಗೆ ಭಿನ್ನಾಭಿಪ್ರಾಯವಿರುವುದರಿಂದ ಈ ವಾದ ಇನ್ನೂ ಚರ್ಚೆಯಲ್ಲಿದೆ.

ಮಾನವ ಶಿಶುವಿನ ಮೆದುಳು ಬಹುಪಾಲು ಜನನದ ನಂತರವೇ ಬೆಳೆಯುತ್ತದೆ. ಹುಟ್ಟಿದಾಗ ತೀರ ಅಸಹಾಯವಾಗಿರುವ ಮಗು ಅನೇಕ ವರ್ಷ ಹಿರಿಯರ ಆಶ್ರಯದಲ್ಲಿರಬೇಕಾಗುತ್ತದೆ. ದೈಹಿಕವಾಗಿ ದೌರ್ಬಲ್ಯದಂತೆ ತೋರುವ ಈ ದೀರ್ಘ ಬಾಲ್ಯವೇ ನಡೆನುಡಿ, ಕಸುಬು, ಕಥೆಗಳನ್ನು ಕಲಿಯುವ ಅವಧಿಯಾಗಿದೆ.

ಆಧುನಿಕ ಮಾನವನ ಉದಯ

ಹೋಮೋ ಸೇಪಿಯನ್ಸ್ ಪ್ರಭೇದದ ಅತಿ ಪ್ರಾಚೀನ ಪಳೆಯುಳಿಕೆಗಳೆಂದು ಪರಿಗಣಿತವಾದವು ಮೊರಾಕೊದ ಜೆಬೆಲ್ ಇರ್ಹೂದ್‌ನಲ್ಲಿ ದೊರೆತಿದ್ದು, ಸುಮಾರು 3 ಲಕ್ಷ ವರ್ಷ ಹಳೆಯವು. ಆ ಕಾಲದಲ್ಲಿ ಯುರೋಪ್ ಮತ್ತು ಪಶ್ಚಿಮ ಏಷ್ಯಾದಲ್ಲಿ ನಿಯಾಂಡರ್ತಾಲ್ ಮಾನವರ ವಂಶವೂ, ಏಷ್ಯಾದಲ್ಲಿ ಡೆನಿಸೋವನ್ ಮಾನವರ ವಂಶವೂ ಇದ್ದವು. ಇಂಡೊನೇಷ್ಯಾದ ಫ್ಲೋರೆಸ್ ದ್ವೀಪದಲ್ಲಿ ಸುಮಾರು ಒಂದು ಮೀಟರ್ ಎತ್ತರದ ಇನ್ನೊಂದು ಪ್ರಭೇದವೂ ಬಾಳಿತ್ತು.

ಇಂದು ಆಫ್ರಿಕಾದ ಹೊರಗಿರುವ ಜನರ ಪೂರ್ವಜರಲ್ಲಿ ಬಹುಪಾಲಿನವರು ಸುಮಾರು 50ರಿಂದ 70 ಸಾವಿರ ವರ್ಷಗಳ ಹಿಂದೆ ಆ ಖಂಡದಿಂದ ಹೊರಟವರು. ದಾರಿಯಲ್ಲಿ ಅವರು ನಿಯಾಂಡರ್ತಾಲರೊಡನೆ ಬೆರೆತರು. ಭಾರತೀಯರೂ ಸೇರಿದಂತೆ ಇವರ ವಂಶಜರಲ್ಲಿ ಶೇ. 1ರಿಂದ 2ರಷ್ಟು ನಿಯಾಂಡರ್ತಾಲ್ ಡಿಎನ್‌ಎ ಉಳಿದುಬಂದಿದೆ. ಅಳಿದ ಮಾನವ ಪ್ರಭೇದಗಳ ಡಿಎನ್‌ಎ ಸಂಶೋಧನೆಗಾಗಿ ಸ್ವಾಂಟೆ ಪಾಬೊ ಅವರಿಗೆ 2022ರ ನೊಬೆಲ್ ಪ್ರಶಸ್ತಿ ದೊರೆಯಿತು.

ಮಾತು ಪಳೆಯುಳಿಕೆಯಾಗಿ ಉಳಿಯುವುದಿಲ್ಲವಾದ್ದರಿಂದ ಭಾಷೆಯ ಉಗಮಕಾಲ ನಿರ್ಣಯವಾಗಿಲ್ಲ. ಸಾಂಕೇತಿಕ ಚಿಂತನೆಗೆ ಮಾತ್ರ ಸಾಕ್ಷ್ಯಗಳಿವೆ. ದಕ್ಷಿಣ ಆಫ್ರಿಕಾದ ಬ್ಲಾಂಬೋಸ್ ಗುಹೆಯಲ್ಲಿ ಸುಮಾರು 75 ಸಾವಿರ ವರ್ಷಗಳ ಹಿಂದೆ ಕಾವಿಕಲ್ಲಿನ ಮೇಲೆ ಗೀರಿದ ವಿನ್ಯಾಸಗಳೂ ಚಿಪ್ಪಿನ ಮಣಿಗಳೂ ದೊರೆತಿವೆ.

ಕೃಷಿ ಮತ್ತು ಪಶುಪಾಲನೆ

ಸುಮಾರು 11 ಸಾವಿರ ವರ್ಷಗಳ ಹಿಂದಿನಿಂದ ಪಶ್ಚಿಮ ಏಷ್ಯಾ, ಚೀನಾ, ಅಮೆರಿಕಾ ಮೊದಲಾದೆಡೆ ಕೃಷಿಯು ಬೇರೆಬೇರೆಯಾಗಿ ಆರಂಭವಾಯಿತು. ದಕ್ಷಿಣ ಭಾರತದಲ್ಲಿ ಸುಮಾರು 5 ಸಾವಿರ ವರ್ಷಗಳ ಹಿಂದೆ ನವಶಿಲಾಯುಗದ ಜನರು ದನಕರುಗಳನ್ನು ಸಾಕುತ್ತಿದ್ದರು. ಮುಂದೆ ಹುರುಳಿ, ಹೆಸರು, ಕೊರಲೆಯಂಥ ಧಾನ್ಯಗಳ ಬೇಸಾಯವೂ ನೆಲೆಗೊಂಡಿತು. ಬಳ್ಳಾರಿ, ರಾಯಚೂರು, ಯಾದಗಿರಿ ಪ್ರದೇಶಗಳ ಬೂದಿದಿಬ್ಬಗಳು ಅವರು ಸಗಣಿಯನ್ನು ರಾಶಿಹಾಕಿ ಸುಟ್ಟುದರಿಂದ ಉಂಟಾದವು.

ಈ ಹೊಸ ಜೀವನಕ್ರಮವು ದೇಹವನ್ನೂ ಬದಲಿಸಿತು. ಹಾಲಿನ ಸಕ್ಕರೆಯನ್ನು ಅರಗಿಸುವ ಲ್ಯಾಕ್ಟೇಸ್ ಎಂಬ ಕಿಣ್ವವು ಸಸ್ತನಿಗಳಲ್ಲಿ ಸಾಮಾನ್ಯವಾಗಿ ಹಾಲುಗೂಸಿನ ಪ್ರಾಯ ಕಳೆದ ಮೇಲೆ ಕ್ಷೀಣಿಸುತ್ತದೆ. ಆದರೆ ಪಶುಪಾಲನೆ ಮಾಡುತ್ತಿದ್ದ ಹಲವು ಸಮುದಾಯಗಳಲ್ಲಿ ಅದನ್ನು ಪ್ರೌಢವಯಸ್ಸಿನಲ್ಲಿಯೂ ಉಳಿಸುವ ಉತ್ಪರಿವರ್ತನೆಗಳು ಹರಡಿದವು. ಯುರೋಪಿಯನ್ನರಲ್ಲಿಯೂ ಭಾರತೀಯರಲ್ಲಿಯೂ ಒಂದೇ ಉತ್ಪರಿವರ್ತನೆ ಕಂಡುಬಂದರೆ, ಪೂರ್ವ ಆಫ್ರಿಕಾದ ಪಶುಪಾಲಕರಲ್ಲಿ ಬೇರೆಯವು ಸ್ವತಂತ್ರವಾಗಿ ಹುಟ್ಟಿವೆ. ಈ ಗುಣವಿಲ್ಲದವರೂ ಮೊಸರು, ಮಜ್ಜಿಗೆಗಳನ್ನು ಸುಲಭವಾಗಿ ಅರಗಿಸಿಕೊಳ್ಳಬಲ್ಲರು. ಹೆಪ್ಪಿನ ಸೂಕ್ಷ್ಮಜೀವಿಗಳು ಹಾಲಿನ ಸಕ್ಕರೆಯ ಒಂದು ಭಾಗವನ್ನು ಮೊದಲೇ ಕರಗಿಸಿರುವುದೇ ಇದಕ್ಕೆ ಕಾರಣ. ಹೀಗೆ ಒಂದೇ ಸಮಸ್ಯೆಗೆ ದೇಹವು ಒಂದು ಪರಿಹಾರವನ್ನೂ ಅಡುಗೆಮನೆಯು ಇನ್ನೊಂದನ್ನೂ ಕಂಡುಕೊಂಡಿವೆ.

ತಪ್ಪು ಕಲ್ಪನೆಗಳು

‘ಮಂಗನಿಂದ ಮಾನವ’ ಎಂಬ ಮಾತು ಬಳಕೆಯಲ್ಲಿದ್ದರೂ ಅದು ಸರಿಯಲ್ಲ. ಇಂದಿನ ಮಂಗ ಅಥವಾ ಚಿಂಪಾಂಜಿ ಮಾನವನ ಪೂರ್ವಜನಲ್ಲ. ಇವರೆಲ್ಲರೂ ಸಮಾನ ಪೂರ್ವಜರಿಂದ ಕವಲೊಡೆದವರು. ಬಾಗಿದ ವಾನರನಿಂದ ನೆಟ್ಟಗೆ ನಿಂತ ಮನುಷ್ಯನವರೆಗೆ ಸಾಲಾಗಿ ತೋರಿಸುವ ಜನಪ್ರಿಯ ಚಿತ್ರವೂ ದಾರಿತಪ್ಪಿಸುವಂಥದು. ವಿಕಾಸವು ಏಣಿಯಲ್ಲ, ಹಲವು ಕೊಂಬೆಗಳ ಮರ. ಅದರ ಅನೇಕ ಕೊಂಬೆಗಳು ಒಣಗಿಹೋಗಿವೆ.

ಚರ್ಮದ ಬಣ್ಣವನ್ನು ನೋಡಿ ಮನುಷ್ಯರನ್ನು ಮೇಲುಕೀಳೆಂದು ವಿಂಗಡಿಸುವುದಕ್ಕೂ ಜೀವಶಾಸ್ತ್ರದಲ್ಲಿ ಆಧಾರವಿಲ್ಲ. ಬಣ್ಣವು ಮುಖ್ಯವಾಗಿ ಬಿಸಿಲಿನ ನೇರಳಾತೀತ ಕಿರಣಗಳ ಪ್ರಮಾಣಕ್ಕೆ ದೇಹವು ಹೊಂದಿಕೊಂಡ ಬಗೆ. ಯಾವುದೇ ಇಬ್ಬರು ಮನುಷ್ಯರ ಡಿಎನ್‌ಎ ಸರಣಿ ಸುಮಾರು ಶೇ. 99.9ರಷ್ಟು ಒಂದೇ ಆಗಿರುತ್ತದೆ. ಹುಟ್ಟಿದ ಮಗುವನ್ನು ಯಾವ ಸಮಾಜದಲ್ಲಿ ಬೆಳೆಸಿದರೂ ಅದು ಅಲ್ಲಿಯ ಭಾಷೆಯನ್ನೇ ತಾಯ್ನುಡಿಯಾಗಿ ಕಲಿಯುತ್ತದೆ. ಜನಾಂಗಗಳ ನಡುವೆ ಕಾಣುವ ನಡೆನುಡಿಗಳ ವ್ಯತ್ಯಾಸ ಬಹುಮಟ್ಟಿಗೆ ರಕ್ತದ್ದಲ್ಲ, ಕಲಿಕೆಯದು.