ಬೆನ್ನುಮೂಳೆಯ ಉರಿಯೂತಕ್ಕೆ ಇನ್‌ಫ್ರಾರೆಡ್ ಶಾಖ: ಎಷ್ಟು ಉಪಯೋಗ?

ಪವರ್‌ಲೂಮ್‌ಗಳ ಸೊಲ್ಲಾಪುರದಲ್ಲಾಗಲಿ, ಪಕ್ಕದ ಅಕ್ಕಲಕೋಟೆಯಲ್ಲಾಗಲಿ, ಹುಡುಗರ ಬೆನ್ನುನೋವನ್ನು ದುಡಿಮೆಯ ಆಯಾಸ ಅಂತ ಬಿಟ್ಟುಬಿಡುವುದು ಸುಲಭ. ಆದರೆ ಮಲಗಿದರೆ ಹೆಚ್ಚಿ, ನಡೆದಾಡಿದರೆ ಇಳಿಯುವ, ಮೂರು ತಿಂಗಳು ದಾಟಿದ ನೋವು ಆಂಕೈಲೋಸಿಂಗ್ ಸ್ಪಾಂಡಿಲೈಟಿಸ್ ಇರಬಹುದು. ಸುಬ್ಹಿ ನಮಾಝ್‌ಗೆ ಏಳುವಾಗ ಸೊಂಟ ಅರ್ಧ ಗಂಟೆಗೂ ಮೀರಿ ಬಿಗಿದಿರುತ್ತದೆ.

2009ರಲ್ಲಿ ಪ್ರಕಟವಾದ ನೆದರ್‌ಲ್ಯಾಂಡ್ಸ್‌ನ ಅಧ್ಯಯನವೊಂದರಲ್ಲಿ ಈ ಕಾಯಿಲೆಯ 17 ಮಂದಿಯನ್ನು ನಾಲ್ಕು ವಾರಗಳಲ್ಲಿ ಎಂಟು ಸಲ ಇನ್‌ಫ್ರಾರೆಡ್ ಬಿಸಿ ಕೋಣೆಯಲ್ಲಿ ಕೂರಿಸಿದರು. ಶಾಖದ ಹೊತ್ತಿಗೆ ನೋವು, ಬಿಗಿತ ಇಳಿದವು. ದೀರ್ಘಕಾಲದ ಲಾಭ ಖಚಿತವಾಗಲಿಲ್ಲ. ಅಂದರೆ ಶಾಖ ಮದ್ದಿಗೆ ಬದಲಿಯಲ್ಲ. ಮೈ ಸಡಿಲವಾದ ಹೊತ್ತಲ್ಲೇ ವ್ಯಾಯಾಮ ಮಾಡುವುದು ಒಳ್ಳೆಯದು.

ಸಕ್ಕರೆ ಕಾಯಿಲೆಯಿಂದ ಚರ್ಮದ ಸ್ಪರ್ಶ ಕಳೆದುಕೊಂಡವರಿಗೆ ಗೊತ್ತಾಗದೇ ಸುಟ್ಟೀತು. ಬಾಮ್ ಹಚ್ಚಿ ದೀಪದ ಕೆಳಗೆ ಮಲಗಲೇಬಾರದು.

ದೀಪ ಕೊಳ್ಳುವ ಮೊದಲು ವೈದ್ಯರಿಗೆ ತೋರಿಸಬೇಕು. ಅಕ್ಕಲಕೋಟೆಯವರಿಗೆ ಸೊಲ್ಲಾಪುರದ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ ಸುಮಾರು 40 ಕಿ.ಮೀ. ದೂರ.