ತೌಲನಿಕ ರಾಜಕೀಯ ಅಧ್ಯಯನದಲ್ಲಿ ಗಣಕಯಂತ್ರದ ಪ್ರವೇಶ

ತೌಲನಿಕ ರಾಜಕೀಯ ಅಧ್ಯಯನವು ಬಹುಕಾಲ ಪಾಶ್ಚಾತ್ಯ ದೇಶಗಳ ಸಂವಿಧಾನ ಮತ್ತು ಆಡಳಿತ ಸಂಸ್ಥೆಗಳ ವಿವರಣೆಯಲ್ಲಿಯೇ ತೊಡಗಿತ್ತು. ಎರಡನೆಯ ಮಹಾಯುದ್ಧದ ತರುವಾಯ ಏಷ್ಯಾ ಮತ್ತು ಆಫ್ರಿಕಾ ಖಂಡಗಳ ವಸಾಹತುಗಳು ಒಂದೊಂದಾಗಿ ಸ್ವತಂತ್ರವಾದಂತೆ, ಹೋಲಿಕೆಗೆ ಒಳಪಡಿಸಬೇಕಾದ ರಾಷ್ಟ್ರಗಳ ಸಂಖ್ಯೆ ನೂರನ್ನು ಮೀರಿತು. ಅಮೆರಿಕದ ವಿದ್ವಾಂಸರು ಗಣಕಯಂತ್ರದ ನೆರವನ್ನು ಅರಸಿದ್ದು ಈ ಸನ್ನಿವೇಶದಲ್ಲಿ.

1963ರಲ್ಲಿ ಆರ್ಥರ್ ಬ್ಯಾಂಕ್ಸ್ ಮತ್ತು ರಾಬರ್ಟ್ ಟೆಕ್ಸ್ಟರ್ ಪ್ರಕಟಿಸಿದ 'ಎ ಕ್ರಾಸ್-ಪಾಲಿಟಿ ಸರ್ವೆ' ಈ ದಿಶೆಯ ಮೊದಲ ದೊಡ್ಡ ಪ್ರಯತ್ನಗಳಲ್ಲೊಂದು. 115 ಸ್ವತಂತ್ರ ರಾಜ್ಯವ್ಯವಸ್ಥೆಗಳನ್ನು 57 ಲಕ್ಷಣಗಳ ಆಧಾರದಿಂದ ವರ್ಗೀಕರಿಸಿದ ಈ ಗ್ರಂಥದ ಬಹುಭಾಗವು ಯಂತ್ರವೇ ಮುದ್ರಿಸಿದ ಹಾಳೆಗಳ ಪ್ರತಿರೂಪ. ಯಾವ ಲಕ್ಷಣವು ಯಾವುದರೊಡನೆ ಕಾಣಿಸಿಕೊಳ್ಳುತ್ತದೆ ಎಂಬುದನ್ನು ಯಂತ್ರವು ಹೆಚ್ಚುಕಡಿಮೆ ವಾಕ್ಯಗಳ ರೂಪದಲ್ಲಿಯೇ ಹೊರಹಾಕಿತ್ತು. ನಿರಂತರವಾಗಿ ಓದಬಲ್ಲ ಗ್ರಂಥ ಇದಲ್ಲ. ಇದು ಹುಡುಕಿ ನೋಡುವ ಕೋಶ. ಆದರೆ ಒಂದು ದೇಶದಲ್ಲಿ ಪತ್ರಿಕಾ ಸ್ವಾತಂತ್ರ್ಯ ಪೂರ್ಣವಾಗಿದೆಯೇ, ಆಗಾಗ ಮಾತ್ರ ಇದೆಯೇ ಎಂಬುದನ್ನು ನಿರ್ಣಯಿಸಿ ಸಂಕೇತಕ್ಕೆ ಇಳಿಸಿದವರು ವಿದ್ವಾಂಸರು. ಆ ತೀರ್ಮಾನ ಒಮ್ಮೆ ಎಂಬತ್ತು ಅಂಕಣಗಳ ರಂಧ್ರಪತ್ರದಲ್ಲಿ ಸೇರಿದ ಮೇಲೆ, ಅದರ ಹಿಂದಿನ ಸಂಶಯಗಳು ಓದುಗನ ಕಣ್ಣಿಗೆ ಬೀಳುವುದಿಲ್ಲ. ಕೋಟ್ಯಂತರ ಜನರ ಭಾರತಕ್ಕೂ ಕೆಲವೇ ಲಕ್ಷ ಜನರ ದೇಶಕ್ಕೂ ಅಲ್ಲಿ ಒಂದೊಂದೇ ಸ್ಥಾನ.

ಇಟಲಿಯ ಜೊವಾನ್ನಿ ಸಾರ್ತೋರಿ 1970ರಲ್ಲಿ ಎತ್ತಿದ ಆಕ್ಷೇಪ ಈ ಮರ್ಮವನ್ನೇ ಮುಟ್ಟುತ್ತದೆ. ಪರಿಕಲ್ಪನೆಗಳನ್ನು ಎಲ್ಲ ದೇಶಗಳಿಗೂ ಅನ್ವಯಿಸುವಂತೆ ಹಿಗ್ಗಿಸಿದರೆ ಅವು ಅರ್ಥ ಕಳೆದುಕೊಳ್ಳುತ್ತವೆ. ವರ್ಗೀಕರಣ ಸಡಿಲವಾಗಿದ್ದರೆ ಎಣಿಕೆಯಿಂದ ಅದು ಸರಿಹೋಗದು ಎಂಬುದು ಅವರ ವಾದ. ಇದನ್ನು ಯಂತ್ರದ ಮೇಲಿನ ದ್ವೇಷವೆಂದು ತಿಳಿಯುವುದು ತಪ್ಪು.

ಇಷ್ಟರಲ್ಲಿ ಉಪಕರಣಗಳು ಸುಲಭವಾಗಿದ್ದವು. ಮಿಷಿಗನ್‌ನಲ್ಲಿ 1962ರಲ್ಲಿ ವಿಶ್ವವಿದ್ಯಾಲಯಗಳ ದತ್ತಾಂಶ ಒಕ್ಕೂಟ ಸ್ಥಾಪನೆಯಾಗಿತ್ತು. 1968ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ರಾಜ್ಯಶಾಸ್ತ್ರದ ನಾರ್ಮನ್ ನೀ ಇಬ್ಬರು ಸಂಗಡಿಗರೊಡನೆ 'ಎಸ್‌ಪಿಎಸ್‌ಎಸ್' ತಂತ್ರಾಂಶವನ್ನು ರೂಪಿಸಿದರು.

ನೀ ಅವರೂ ಪಾಲುಗೊಂಡ, ಸಿಡ್ನಿ ವೆರ್ಬಾ ಅವರ ಏಳು ರಾಷ್ಟ್ರಗಳ ಅಧ್ಯಯನದಲ್ಲಿ ಭಾರತವೂ ಸೇರಿತ್ತು. ಇಲ್ಲಿನ ಸಮೀಕ್ಷೆ ನಡೆದದ್ದು ಆಂಧ್ರಪ್ರದೇಶ, ಗುಜರಾತ್, ಉತ್ತರಪ್ರದೇಶ ಮತ್ತು ಪಶ್ಚಿಮ ಬಂಗಾಳಗಳಲ್ಲಿ. ಅಂದಿನ ಮೈಸೂರು ರಾಜ್ಯ ಅದರಲ್ಲಿರಲಿಲ್ಲ. ವೆರ್ಬಾ, ಬಷೀರುದ್ದೀನ್ ಅಹ್ಮದ್ ಮತ್ತು ಅನಿಲ್ ಭಟ್ 1971ರ ತಮ್ಮ ಗ್ರಂಥದಲ್ಲಿ ಇಲ್ಲಿಯ ಹರಿಜನರ ರಾಜಕೀಯ ಪಾಲುಗೊಳ್ಳುವಿಕೆಯನ್ನು ಅಮೆರಿಕದ ಕರಿಯರದರೊಡನೆ ಹೋಲಿಸಿದರು. ಮತದಾನವನ್ನು ಎರಡೂ ಕಡೆ ಒಂದೇ ಅಂಕಣದಲ್ಲಿ ಎಣಿಸಬಹುದು. ಅಸ್ಪೃಶ್ಯತೆಯನ್ನೂ ವರ್ಣಭೇದವನ್ನೂ ಹಾಗೆ ಒಂದೇ ಅಂಕಣಕ್ಕೆ ಇಳಿಸಬಹುದೇ ಎಂಬ ಪ್ರಶ್ನೆಗೆ ಯಂತ್ರದಲ್ಲಿ ಉತ್ತರವಿರಲಿಲ್ಲ. ಅದನ್ನು ಯಂತ್ರಕ್ಕೆ ಕೊಡುವ ಮೊದಲೇ ಸಂಶೋಧಕರು ತೀರ್ಮಾನಿಸಬೇಕಾಗಿತ್ತು.